ನಟರು ರ‍್ಯಾಪ್‌ಗೆ ಇಳಿದಾಗ: ಎಲ್ಲಿ ತಪ್ಪುತ್ತೆ, ಏನು ಮಾಡಿದ್ರೆ ಬೀಟ್ ಮೇಲೆ ಕೂರುತ್ತೆ?

ರಂಗಸಜ್ಜಿಕೆ (ಚರ್ಚೆ ಶುರು)

ನಟನೆಯಲ್ಲಿ ಪಳಗಿದವರು ಹಿಪ್-ಹಾಪ್ ಕಡೆ ಬರೋದು ಹೊಸದೇನಲ್ಲ. ಡ್ರೇಕ್, ಡೊನಾಲ್ಡ್ ಗ್ಲೋವರ್, ರಿಜ್ ಅಹ್ಮದ್ ಥರದವರು ದಾಟಿ ಗಟ್ಟಿಯಾಗಿ ನಿಂತ್ರು. ಅದಕ್ಕಿಂತ ಎಷ್ಟೋ ಹೆಚ್ಚು ಜನ ಒಂದು ಹಾಡು, ಒಂದು ವಿಡಿಯೊ ಬಿಟ್ಟು ಅಲ್ಲಿಗೇ ನಿಲ್ಲಿಸಿದ್ರು. ಧ್ವನಿ ತರಬೇತಿ, ಉಸಿರಿನ ಹಿಡಿತ, ಸ್ಪಷ್ಟ ಉಚ್ಚಾರ, ಪುಟಗಟ್ಟಲೆ ಕಂಠಪಾಠ ಮಾಡುವ ಶಕ್ತಿ ಎಲ್ಲ ಇರುವ ನಟನಿಗೆ 16 ಬಾರ್ (ನಾಲ್ಕು ಪೆಟ್ಟಿನ ಒಂದು ಸುತ್ತಿಗೆ ಒಂದು ಬಾರ್) ಯಾಕೆ ಕೈಕೊಡುತ್ತೆ?

"ಪ್ರತಿಭೆ ಬೇಕು", "ಮನಸ್ಸಿಟ್ಟು ಮಾಡಬೇಕು" ಅನ್ನೋ ಉತ್ತರ ದಯವಿಟ್ಟು ಬೇಡ. ಬರವಣಿಗೆ, ರೆಕಾರ್ಡಿಂಗ್, ವೇದಿಕೆ, ಕಾಗದಪತ್ರ, ಇದರಲ್ಲಿ ಯಾರಿಗೆ ಯಾವುದು ಗೊತ್ತೋ ಅದನ್ನ ಬಿಡಿಸಿ ಬರೀರಿ.

ನಾಲ್ಕನೇ ಪೆಟ್ಟು

ನನ್ನ ಪ್ರಕಾರ ಮೂಲದ ತೊಂದರೆ ಒಂದೇ. ನಟನ ಕಿವಿ ಅರ್ಥದ ಹಿಂದೆ ಹೋಗುತ್ತೆ, ರ‍್ಯಾಪರ್ ಕಿವಿ ತಾಳದ ಮೇಲಿರುತ್ತೆ. ಮುಖ್ಯವಾದ ಪದ ಬರುವ ಮೊದಲು ಒಂದು ಕ್ಷಣ ತಡೆದು ಆಮೇಲೆ ಬಿಡೋದು ನಟನಿಗೆ ಅಭ್ಯಾಸವಾಗಿ ಹೋಗಿರುತ್ತೆ. ಎದುರಿನ ಪಾತ್ರಧಾರಿ ಕಾಯ್ತಾರೆ, ಪ್ರೇಕ್ಷಕರು ಕಾಯ್ತಾರೆ. ಬೀಟ್ ಕಾಯಲ್ಲ.

ಲೆಕ್ಕ ನೋಡಿ. 90 ಬಿಪಿಎಂ (ನಿಮಿಷಕ್ಕೆ 90 ಪೆಟ್ಟು) ಬೀಟ್‌ನಲ್ಲಿ ಒಂದು ಪೆಟ್ಟಿಗೆ 0.67 ಸೆಕೆಂಡ್. ನಾಲ್ಕು ಪೆಟ್ಟಿನ ಒಂದು ಬಾರ್‌ಗೆ 2.67 ಸೆಕೆಂಡ್. 16 ಬಾರ್‌ನ ವರ್ಸ್ (ಹಾಡಿನ ಒಂದು ಚರಣ) ಸುಮಾರು 43 ಸೆಕೆಂಡಿನಲ್ಲಿ ಮುಗಿದೇಹೋಗುತ್ತೆ. ಪ್ರತಿ ಪೆಟ್ಟನ್ನ ನಾಲ್ಕು ಭಾಗ ಮಾಡಿದರೆ ಬಾರ್‌ಗೆ 16 ಮನೆ, ಒಂದೊಂದು ಮನೆ 0.167 ಸೆಕೆಂಡ್. ನಟನ ಲೆಕ್ಕದಲ್ಲಿ ಸಣ್ಣದು ಅನ್ನಿಸುವ ವಿರಾಮ ಸುಲಭವಾಗಿ ಅರ್ಧ ಸೆಕೆಂಡ್ ಆಗುತ್ತೆ. ಅಂದ್ರೆ ಮೂರು ಮನೆ ಹೋಯ್ತು. ಅದನ್ನ ಸರಿದೂಗಿಸೋಕೆ ಮುಂದಿನ ಪದಗಳನ್ನ ಅವಸರದಲ್ಲಿ ತುರುಕ್ತಾರೆ. ಕೇಳುವವರಿಗೆ ಎಡವಿದ ಹಾಗೆ ಕೇಳಿಸುತ್ತೆ.

ಒಂದು ಸಾಲು ಇಟ್ಟುಕೊಂಡು ನೋಡೋಣ:

ಗೋಡೆಯ | ಮೇಲಿನ | ನೆರಳಿಗೆ | ಹೆಸರಿದೆ

ಗುರುವಿಗೆ ಎರಡು ಮನೆ, ಲಘುವಿಗೆ ಒಂದು ಮನೆ ಅಂತ ಇಟ್ಟುಕೊಂಡರೆ ಪ್ರತಿ ಪೆಟ್ಟಿಗೂ ಸರಿಯಾಗಿ ನಾಲ್ಕು ಮಾತ್ರೆ, ಒಟ್ಟು 16. ಸ್ನೇರ್ (ಡ್ರಮ್‌ನ ಚಟ್ ಅನ್ನೋ ಪೆಟ್ಟು) ಬೀಳೋದು ಎರಡು ಮತ್ತು ನಾಲ್ಕನೇ ಪೆಟ್ಟಿಗೆ, ಅಂದ್ರೆ "ಮೇ" ಮೇಲೆ ಮತ್ತು "ಹೆ" ಮೇಲೆ. ಈಗ ಇದನ್ನ ನಟರಿಗೆ ಕೊಟ್ಟರೆ "ನೆರಳಿಗೆ" ಆದ ಮೇಲೆ ತಡೀತಾರೆ, ಯಾಕಂದ್ರೆ "ಹೆಸರಿದೆ" ಅನ್ನೋದೇ ಸಾಲಿನ ಗುಟ್ಟು. ನಟನೆಯಲ್ಲಿ ಅದು ಸರಿಯಾದ ನಿರ್ಧಾರ. ಇಲ್ಲಿ ಮಾತ್ರ ಸ್ನೇರ್ ಖಾಲಿ ಜಾಗಕ್ಕೆ ಬಡಿಯುತ್ತೆ, "ಹೆಸರಿದೆ" ಮುಂದಿನ ಬಾರ್ ಒಳಗೆ ಜಾರುತ್ತೆ. ಅಂತ್ಯಪ್ರಾಸ ಕೂರಬೇಕಾದ ಜಾಗದಲ್ಲಿ ಕೂರಲ್ಲ, ಆಮೇಲೆ ಎಷ್ಟು ಒಳ್ಳೆ ಪ್ರಾಸ ಬರೆದಿದ್ರೂ ಕಿವಿಗೆ ಬೀಳಲ್ಲ.

ಪರಿಹಾರ ವಿರಾಮವನ್ನ ಕಿತ್ತುಹಾಕೋದಲ್ಲ. ಅದನ್ನ ಬರವಣಿಗೆಯ ಒಳಗೇ ಇಟ್ಟುಬಿಡೋದು. ತಡೆ ಬೇಕೇಬೇಕು ಅಂದ್ರೆ ಮೂರನೇ ಪೆಟ್ಟಿನ ಪದವನ್ನೇ ತೆಗೀರಿ, ಆ ನಾಲ್ಕು ಮನೆ ಖಾಲಿ ಬಿಡಿ, ನಾಲ್ಕನೇ ಪೆಟ್ಟಿಗೆ ಸರಿಯಾಗಿ ಪದ ಬೀಳಲಿ. ಆಗ ವಿರಾಮ ತಾಳದ ಭಾಗ ಆಗುತ್ತೆ.

ಅಭ್ಯಾಸಕ್ಕೆ: ಒಂದು ಹಾಳೆಯಲ್ಲಿ 16 ಕಾಲಂ ಎಳೆದು, 1, 5, 9, 13ನೇ ಕಾಲಂ ನೆತ್ತಿಗೆ ಗುರುತು ಹಾಕಿ, ಅಕ್ಷರಗಳನ್ನ ಲಘುವಿಗೆ ಒಂದು ಮನೆ, ಗುರುವಿಗೆ ಎರಡು ಮನೆಯಂತೆ ತುಂಬಿ. ಮೊದಲು ಮೆಟ್ರೊನೋಮ್‌ನ ನಾಲ್ಕೂ ಪೆಟ್ಟಿಗೆ ಹೇಳಿ. ಆಮೇಲೆ ಎರಡು ಮತ್ತು ನಾಲ್ಕಕ್ಕೆ ಮಾತ್ರ ಕ್ಲಿಕ್ ಬರುವ ಹಾಗೆ ಮಾಡ್ಕೊಳ್ಳಿ. ಮೂರನೇ ಹಂತ, ಎರಡು ಬಾರ್ ಕ್ಲಿಕ್, ಎರಡು ಬಾರ್ ಮೌನ. ಕ್ಲಿಕ್ ವಾಪಸ್ ಬಂದಾಗ ನೀವು ಅದರ ಮೇಲೇ ಇದ್ದರೆ ಮಾತ್ರ ಮುಂದಿನ ಸಾಲಿಗೆ ಹೋಗಿ. ಈ ಹಂತದಲ್ಲಿ ಭಾವ ಬೇಡ, ಒಂದೇ ಮಟ್ಟದ ಧ್ವನಿಯಲ್ಲಿ, ಬೇಕಿದ್ದರೆ ಪಿಸುಮಾತಿನಲ್ಲಿ ಹೇಳಿ. ಭಾವ ಬೆರೆಸೋದು ಕೊನೆಗೆ. ನಟರಿಗೆ ಈ ಕ್ರಮವೇ ಕಷ್ಟ, ಯಾಕಂದ್ರೆ ಅವರು ಕಲಿತಿರೋದು ಇದಕ್ಕೆ ತದ್ವಿರುದ್ಧ.

ರಂಗಸಜ್ಜಿಕೆ

ಪೆಟ್ಟಿಗಿಂತ ಹಿಂದೆ ಉಳಿದು ಹೇಳೋದು ಒಳ್ಳೆ ರ‍್ಯಾಪರ್‌ಗಳ ಲಕ್ಷಣ ಅಂತಾರಲ್ಲ? ಹಾಗಾದ್ರೆ ನಟ ಹಿಂದೆ ಬಿದ್ದರೆ ಮಾತ್ರ ತಪ್ಪು ಯಾಕೆ?

ನಾಲ್ಕನೇ ಪೆಟ್ಟು

ಹಿಂದೆ ಉಳಿಯೋದಕ್ಕೂ ಹಿಂದೆ ಬೀಳೋದಕ್ಕೂ ಅಳತೆಯಲ್ಲೇ ವ್ಯತ್ಯಾಸ ಇದೆ. ಬೇಕಂತಲೇ ಹಿಂದೆ ಉಳಿಯುವವರು ಸುಮಾರು 10ರಿಂದ 30 ಮಿಲಿಸೆಕೆಂಡ್ ತಡವಾಗಿ, ಎಲ್ಲ ಸಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ತಡವಾಗಿ ಹೇಳ್ತಾರೆ. ಅದಕ್ಕೇ ಆರಾಮಾಗಿ ಕೇಳಿಸುತ್ತೆ. ತರಬೇತಿ ಇಲ್ಲದವರದ್ದು ಒಂದು ಪದ 20 ಮಿಲಿಸೆಕೆಂಡ್ ಮುಂದೆ, ಇನ್ನೊಂದು 80 ಹಿಂದೆ. ರೆಕಾರ್ಡ್ ಮಾಡಿದ ಟ್ರ್ಯಾಕನ್ನ ಹಿಗ್ಗಿಸಿ ಅಲೆಗಳ ಆರಂಭ ತಾಳ ತೋರಿಸುವ ಗ್ರಿಡ್ ಗೆರೆಯಿಂದ ಎಷ್ಟು ದೂರ ಇದೆ ನೋಡಿ. ಒಂದೇ ಕಡೆ, ಒಂದೇ ದೂರ ಇದ್ದರೆ ಅದು ಶೈಲಿ. ಚೆಲ್ಲಾಪಿಲ್ಲಿ ಆಗಿದ್ದರೆ ಇನ್ನೂ ಅಭ್ಯಾಸ ಬೇಕು.

ಮಂದ್ರ48

ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ಕೆಲವು ಸಲ ತಪ್ಪು ಗಾಯಕರದ್ದಲ್ಲ, ಸಿಸ್ಟಂದು. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ಗಾತ್ರ) 1024 ಸ್ಯಾಂಪಲ್, ರೇಟ್ 48 ಕಿಲೋಹರ್ಟ್ಸ್ ಇದ್ದರೆ ಒಂದು ದಿಕ್ಕಿಗೇ 21 ಮಿಲಿಸೆಕೆಂಡ್ ತಡ. ಹೋಗಿ ಬರುವಷ್ಟರಲ್ಲಿ 40 ದಾಟುತ್ತೆ. ತನ್ನ ಧ್ವನಿ ಹೆಡ್‌ಫೋನ್‌ನಲ್ಲಿ ತಡವಾಗಿ ಕೇಳಿಸಿದರೆ ಯಾರೇ ಆಗಲಿ ತಮಗೆ ಗೊತ್ತಿಲ್ಲದೆ ಎಳೀತಾರೆ. ರೆಕಾರ್ಡ್ ಮಾಡುವಾಗ ಬಫರ್ 128ಕ್ಕೆ ಇಳಿಸಿ, ಅಥವಾ ಇಂಟರ್‌ಫೇಸ್‌ನ (ಮೈಕನ್ನ ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಡೈರೆಕ್ಟ್ ಮಾನಿಟರಿಂಗ್ ಹಾಕಿ, ಧ್ವನಿ ನೇರವಾಗಿ ಹೆಡ್‌ಫೋನ್‌ಗೆ ಬರುತ್ತೆ. ಇದನ್ನ ನೋಡದೆ "ಇವರಿಗೆ ತಾಳ ಬರಲ್ಲ" ಅನ್ನೋ ತೀರ್ಮಾನಕ್ಕೆ ಬರಬೇಡಿ.

ಇನ್ನು ಮೈಕ್ ಮುಂದೆ ನಟರ ನಿಜವಾದ ಸಮಸ್ಯೆ ಧ್ವನಿಯ ಏರಿಳಿತ. ರಂಗಭೂಮಿ ಅಭ್ಯಾಸ ಇರುವವರು ಕೊನೆ ಸಾಲಿನ ಕುರ್ಚಿಗೆ ಕೇಳಿಸುವ ಹಾಗೆ ಎದೆಯಿಂದ ತಳ್ತಾರೆ. ಕ್ಯಾಮೆರಾ ಅಭ್ಯಾಸ ಇರುವವರು ಉಲ್ಟಾ, ಸಾಲಿನ ಕೊನೆಯನ್ನ ಉಸಿರಿನಲ್ಲೇ ಕರಗಿಸಿಬಿಡ್ತಾರೆ. ಎರಡೂ ಇಲ್ಲಿ ನಡೆಯಲ್ಲ. ಕಿಕ್, ಬಾಸ್, ಹೈ-ಹ್ಯಾಟ್ ಥರದ ಬೀಟ್‌ನ ವಾದ್ಯಗಳೆಲ್ಲ ಒಂದೇ ಮಟ್ಟದಲ್ಲಿ ಗಟ್ಟಿಯಾಗಿ ಓಡ್ತಿರುತ್ತೆ. ಆ ಗೋಡೆಯ ಮುಂದೆ ಪಿಸುಮಾತು ಮುಳುಗುತ್ತೆ, ಕೂಗು ಚುಚ್ಚುತ್ತೆ. ಸಾಲಿನ ಕೊನೆ ಕರಗಿದರೆ ಪ್ರಾಸವೇ ಹೋಗುತ್ತೆ, ಅದು ಹೆಚ್ಚಿನ ನಷ್ಟ.

ಹೀಗೆ ಮಾಡಿ: ಕಂಡೆನ್ಸರ್ ಮೈಕ್ ಆದ್ರೆ ಬಾಯಿಂದ 10-15 ಸೆಂಟಿಮೀಟರ್. ಪಾಪ್ ಫಿಲ್ಟರ್ ಮೈಕ್‌ನಿಂದ 5-8 ಸೆಂಟಿಮೀಟರ್ ಮುಂದೆ. ಮೈಕನ್ನ ಬಾಯಿಗೆ ನೇರವಾಗಿ ಇಡದೆ ಸ್ವಲ್ಪ ಮೇಲಕ್ಕೋ ಪಕ್ಕಕ್ಕೋ ತಿರುಗಿಸಿ. ಯಾಕಂದ್ರೆ ರಂಗಭೂಮಿಯ ಉಚ್ಚಾರದಲ್ಲಿ "ಪ", "ಬ", "ಭ" ಗಾಳಿ ಸಮೇತ ಸಿಡಿಯುತ್ತೆ, "ಸ", "ಶ" ಸೀಟಿ ಹೊಡೆಯುತ್ತೆ. ವರ್ಸ್‌ನಲ್ಲಿ ಅತಿ ಜೋರಾಗಿರುವ ಸಾಲನ್ನ ಮೊದಲು ಹೇಳಿಸಿ, ಅದು ಮೈನಸ್ 10 ಡಿಬಿ ಹತ್ತಿರ ಬರುವ ಹಾಗೆ ಗೇನ್ (ಮೈಕ್ ಧ್ವನಿಯ ಮಟ್ಟ) ಇಡಿ. ಇಪ್ಪತ್ನಾಲ್ಕು ಬಿಟ್ ರೆಕಾರ್ಡಿಂಗ್‌ನಲ್ಲಿ ಅದಕ್ಕಿಂತ ಜೋರು ಇರಬೇಕಾದ ಅಗತ್ಯವೇ ಇಲ್ಲ. ನಟರು ಎರಡನೇ ಟೇಕ್‌ನಲ್ಲಿ ಯಾವಾಗಲೂ ಮೊದಲನೆಯದಕ್ಕಿಂತ ಜೋರಾಗಿ ಹೋಗ್ತಾರೆ, ಆ ಜಾಗ ಬಿಟ್ಟಿರಿ.

ಆಮೇಲೆ 80-100 ಹರ್ಟ್ಸ್‌ಗಿಂತ ಕೆಳಗಿನದನ್ನ ಕತ್ತರಿಸಿ. ಕಂಪ್ರೆಷನ್ (ಜೋರು ಧ್ವನಿಯನ್ನ ತಗ್ಗಿಸೋದು) ಒಂದೇ ಕಡೆ ಹತ್ತು ಡಿಬಿ ಹಿಂಡಬೇಡಿ, ಎರಡು ಹಂತದಲ್ಲಿ ಮೂರು-ನಾಲ್ಕು ಡಿಬಿ ಹಿಂಡಿ. ಡಿ-ಎಸ್ಸರ್ (ಸೀಟಿ ತಗ್ಗಿಸುವ ಸಾಧನ) 5ರಿಂದ 8 ಕಿಲೋಹರ್ಟ್ಸ್ ನಡುವೆ ಎಲ್ಲಿ ಸೀಟಿ ಇದೆಯೋ ಅಲ್ಲಿ. ಆದ್ರೆ ಇದಕ್ಕೆಲ್ಲ ಮೊದಲು, ಪದಪದವಾಗಿ ಕೈಯಲ್ಲೇ ಗೇನ್ ಸರಿಮಾಡಿ. ಅಭಿನಯದ ಏರಿಳಿತವನ್ನ ಕಂಪ್ರೆಸರ್‌ಗೆ ಬಿಟ್ಟರೆ ಅದು ಉಸಿರಾಟವನ್ನೂ ಎತ್ತಿ ಮುಂದೆ ತರುತ್ತೆ.

ಡಬಲ್ ಟ್ರ್ಯಾಕ್ ಬಗ್ಗೆ ಒಂದು ಮಾತು. ದುರ್ಬಲ ಧ್ವನಿಯನ್ನ ಮುಚ್ಚೋಕೆ ಇಡೀ ವರ್ಸನ್ನ ಎರಡು-ಮೂರು ಸಲ ಹೇಳಿಸಿ ಜೋಡಿಸ್ತಾರೆ. ನಟರ ವಿಷಯದಲ್ಲಿ ಇದು ಕೆಡಿಸುತ್ತೆ. ಅವರು ಪ್ರತಿ ಟೇಕ್‌ನಲ್ಲೂ ಬೇರೆ ಭಾವ ಹುಡುಕ್ತಾರೆ, ಒತ್ತು ಬೇರೆ ಬೇರೆ ಪದಕ್ಕೆ ಹೋಗುತ್ತೆ, ಎರಡು ಟ್ರ್ಯಾಕ್ ಒಂದರ ಮೇಲೊಂದು ಕೂರಲ್ಲ. ಪ್ರಾಸದ ಪದಗಳನ್ನ, ಪ್ರತಿ ಬಾರ್‌ನ ಕೊನೆ ಎರಡು-ಮೂರು ಅಕ್ಷರವನ್ನ ಮಾತ್ರ ಡಬಲ್ ಮಾಡಿ, ಮುಖ್ಯ ಧ್ವನಿಗಿಂತ 6-8 ಡಿಬಿ ಕೆಳಗಿಡಿ. ಸಾಕು.

ಸೈಫರ್‌ಸಾಲು

ಇಬ್ಬರು ಹೇಳಿದ್ದೂ ಸರಿ, ಆದ್ರೆ ನಾನು ಒಪ್ಪದ ಒಂದು ವಿಷಯ ಇದೆ. ತಂತ್ರ ಕಲಿತರೆ ಸಾಕು ಅನ್ನೋ ಹಾಗೆ ಚರ್ಚೆ ಹೋಗ್ತಿದೆ. ತಾಳದಲ್ಲಿ ಹೇಳುವ ನಟರೂ ಸೋತಿದ್ದಾರೆ. ಕೇಳುವವರು ಮೊದಲು ಕೇಳೋದು "ಇವರು ಇಲ್ಲಿ ಯಾಕೆ ಬಂದ್ರು" ಅಂತ.

ಇದು 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ಡಿಜೆ ಕೂಲ್ ಹರ್ಕ್ ನುಡಿಸಿದ ಒಂದು ಮನೆ ಪಾರ್ಟಿಯಿಂದ ತನ್ನ ಹುಟ್ಟನ್ನ ಲೆಕ್ಕ ಹಾಕುವ ಸಂಸ್ಕೃತಿ. ವೇದಿಕೆ, ಬಂಡವಾಳ, ಪ್ರಚಾರ ಇಲ್ಲದವರು ಕಟ್ಟಿದ್ದು. ನಟರು ಬರುವಾಗ ಈ ಮೂರೂ ಅವರ ಜೊತೆಗೇ ಬರುತ್ತೆ. ಅನುಮಾನ ಹುಟ್ಟೋದು ಅಲ್ಲಿಂದ. ಆ ಅನುಮಾನ ನ್ಯಾಯವಾದದ್ದೇ. ರ‍್ಯಾಪರ್‌ಗಳು ನಟನೆಗೆ ಹೋಗೋದು ಅಷ್ಟು ಕಷ್ಟ ಆಗದೇ ಇರೋದಕ್ಕೂ ಇದೇ ಕಾರಣ. ವಿಲ್ ಸ್ಮಿತ್ 1989ರಲ್ಲಿ ಡಿಜೆ ಜ್ಯಾಜಿ ಜೆಫ್ ಜೊತೆ ರ‍್ಯಾಪ್ ವಿಭಾಗದ ಮೊದಲ ಗ್ರ್ಯಾಮಿ ಪಡೆದವರು. ಐಸ್ ಕ್ಯೂಬ್, ಕ್ವೀನ್ ಲತೀಫಾ ಎಲ್ಲ ತಮ್ಮ ಹೆಸರನ್ನ, ತಮ್ಮ ಧ್ವನಿಯನ್ನ ಹೊತ್ತುಕೊಂಡೇ ಸಿನಿಮಾಗೆ ಹೋದ್ರು. ಪರದೆಯಲ್ಲಿ ಬೇರೆಯವರಾಗಿ ಕಾಣೋದು ಕೆಲಸ, ಅಲ್ಲಿ ಯಾರೂ ಪ್ರಶ್ನೆ ಮಾಡಲ್ಲ. ರ‍್ಯಾಪ್‌ನಲ್ಲಿ "ನಾನು" ಅಂದ್ರೆ ನಾನೇ ಅಂತ ಕೇಳುಗರು ನಂಬ್ತಾರೆ.

ದಾಟಿದವರ ವರ್ಷಗಳನ್ನ ನೋಡಿ. ಡ್ರೇಕ್ ಕೆನಡಾದ "ಡಿಗ್ರಾಸಿ" ಧಾರಾವಾಹಿಯಲ್ಲಿ 2001ರಿಂದ ಜಿಮ್ಮಿ ಬ್ರೂಕ್ಸ್ ಪಾತ್ರ ಮಾಡ್ತಿದ್ದವರು. ಮೊದಲ ಮಿಕ್ಸ್‌ಟೇಪ್ (ತಾವೇ ಹಂಚುವ ಹಾಡುಗಳ ಸಂಗ್ರಹ) 2006, ಎರಡನೆಯದು 2007, ಜನ ನಿಜವಾಗಿ ತಿರುಗಿ ನೋಡಿದ್ದು 2009ರದ್ದನ್ನ, ಮೊದಲ ಆಲ್ಬಮ್ ಬಂದಿದ್ದು 2010ರಲ್ಲಿ. ನಾಲ್ಕು ವರ್ಷ ತಾವೇ ಹಂಚಿಕೊಂಡು ತಿದ್ದಿಕೊಂಡ ಕೆಲಸ ಅದು. ರಿಜ್ ಅಹ್ಮದ್ ಅಂತೂ ರ‍್ಯಾಪ್ ಮತ್ತು ಸಿನಿಮಾ ಎರಡರಲ್ಲೂ ಗುರುತಾಗಿದ್ದು 2006ರಲ್ಲೇ. ರಿಜ್ ಎಂಸಿ ಅನ್ನೋ ಹೆಸರು ಹಾಲಿವುಡ್‌ಗಿಂತ ಮುಂಚಿನದು. 2016ರಲ್ಲಿ ರ‍್ಯಾಪರ್ ಹೀಮ್ಸ್ ಜೊತೆ ಸ್ವೆಟ್ ಶಾಪ್ ಬಾಯ್ಸ್ ಹೆಸರಲ್ಲಿ ಆಲ್ಬಮ್ ಬಂದಾಗ "ಈ ನಟನಿಗೆ ಇದೇನು ಹೊಸ ಹುಚ್ಚು" ಅಂತ ಕೇಳೋಕೆ ಅವಕಾಶವೇ ಇರಲಿಲ್ಲ.

ಉಲ್ಟಾ ದಾರಿಗೆ ಉದಾಹರಣೆ ಹಾಲಿವುಡ್ ನಟ ಹ್ವಾಕಿನ್ ಫೀನಿಕ್ಸ್. 2008ರಲ್ಲಿ ನಟನೆ ಬಿಟ್ಟು ರ‍್ಯಾಪರ್ ಆಗ್ತೀನಿ ಅಂತ ಘೋಷಿಸಿದ್ರು, 2010ರಲ್ಲಿ ಅದನ್ನೇ ಚಿತ್ರಿಸಿದ ಸಿನಿಮಾ ಬಂದ ಮೇಲೆ ಅದೆಲ್ಲ ಅಭಿನಯ ಅಂತ ಗೊತ್ತಾಯ್ತು. ಅವರ ಉದ್ದೇಶ ಬೇರೆ ಇತ್ತು, ಸರಿ. ಆದ್ರೆ ಹಾಡಿಗಿಂತ ಮೊದಲು ಘೋಷಣೆ ಬಂದರೆ ಕೇಳುಗರು ಬೆನ್ನು ತಿರುಗಿಸೋದು ಇಂಥ ಕಾರಣಕ್ಕೂ ಹೌದು. ಪತ್ರಿಕಾಗೋಷ್ಠಿ ಮಾಡಬೇಡಿ. ಮೊದಲು ನಾಲ್ಕು ಟ್ರ್ಯಾಕ್ ಬಿಡಿ.

ರಂಗಸಜ್ಜಿಕೆ

ಡೊನಾಲ್ಡ್ ಗ್ಲೋವರ್ ಬಗ್ಗೆ? ಅವರೂ ಮೊದಲಿಂದ ಮಿಕ್ಸ್‌ಟೇಪ್ ಬಿಡ್ತಿದ್ರಲ್ಲ, ಆದ್ರೂ ಮೊದಲ ಆಲ್ಬಮ್‌ಗೆ ಸಿಕ್ಕಾಪಟ್ಟೆ ಬೈಗುಳ ಬಿತ್ತು.

ಸೈಫರ್‌ಸಾಲು

ಹೌದು. 2011ರ ಆಲ್ಬಮ್‌ಗೆ ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಹತ್ತಕ್ಕೆ 1.6 ಕೊಟ್ಟಿತ್ತು. ಅದನ್ನ ಈಗ ಕೇಳಿದ್ರೂ ನನಗೆ ಕಾಣೋದು ಹಾಸ್ಯ ಬರಹಗಾರರ ಲಯ. ಮೂರು ಪೆಟ್ಟು ಹೂಡಿಕೆ, ನಾಲ್ಕನೇ ಪೆಟ್ಟಿಗೆ ಚಟಾಕಿ, ಮತ್ತೆ ಮೂರು ಪೆಟ್ಟು ಹೂಡಿಕೆ. ಅವರು ತಾಳ ತಪ್ಪಲ್ಲ, ಆದ್ರೆ ಪ್ರತಿ ಬಾರ್ ಒಂದೇ ಆಕಾರದಲ್ಲಿ ಮುಗಿಯುತ್ತೆ. 16 ಬಾರ್‌ನಲ್ಲಿ 16 ಚಟಾಕಿ ಇದ್ದರೆ ಐದನೆಯದರ ಹೊತ್ತಿಗೆ ಕಿವಿ ಮೊದಲೇ ಊಹಿಸೋಕೆ ಶುರುಮಾಡುತ್ತೆ.

ಅವರು ಹಿಂದೆ ಸರಿಯಲಿಲ್ಲ ಅನ್ನೋದು ದೊಡ್ಡ ವಿಷಯ. ತಾವು ನಟಿಸುತ್ತಿದ್ದ ಧಾರಾವಾಹಿಗೆ ಹಿನ್ನೆಲೆ ಸಂಗೀತ ಮಾಡ್ತಿದ್ದ ಲುಡ್ವಿಗ್ ಯೊರಾನ್ಸನ್ ಜೊತೆಗೇ ವರ್ಷಗಟ್ಟಲೆ ಕೆಲಸ ಮುಂದುವರಿಸಿದ್ರು. 2018ರ "ದಿಸ್ ಈಸ್ ಅಮೆರಿಕ" ಮರುವರ್ಷ ನಾಲ್ಕು ಗ್ರ್ಯಾಮಿ ತಂತು, ರೆಕಾರ್ಡ್ ಆಫ್ ದಿ ಇಯರ್ ಮತ್ತು ಸಾಂಗ್ ಆಫ್ ದಿ ಇಯರ್ ಪ್ರಶಸ್ತಿ ರ‍್ಯಾಪ್ ಹಾಡೊಂದಕ್ಕೆ ಬಂದಿದ್ದು ಅದೇ ಮೊದಲು. ಡ್ರೇಕ್‌ಗೂ ನೋವಾ ಶೆಬಿಬ್ ಅನ್ನೋ ಒಬ್ಬರೇ ಪ್ರೊಡ್ಯೂಸರ್ ಮೊದಲಿಂದಲೂ ಜೊತೆಗಿದ್ದಾರೆ, ಅವರೂ ಒಂದು ಕಾಲದ ಬಾಲನಟ. ನಟರಿಗೆ ನನ್ನ ಮೊದಲ ಸಲಹೆ ಇದೇ. ಹತ್ತು ದೊಡ್ಡ ಹೆಸರಿನ ಪ್ರೊಡ್ಯೂಸರ್‌ಗಳಿಂದ ಹತ್ತು ಬೀಟ್ ಕೊಳ್ಳಬೇಡಿ. ನಿಮ್ಮ ಧ್ವನಿ ಯಾವ ಸ್ಥಾಯಿಯಲ್ಲಿ ಕೂರುತ್ತೆ, ಯಾವ ವೇಗದಲ್ಲಿ ನಾಲಿಗೆ ತೊಡರುತ್ತೆ ಅಂತ ಬಲ್ಲ ಒಬ್ಬರನ್ನ ಹಿಡೀರಿ. ದೊಡ್ಡ ಹೆಸರು ಜೊತೆಗಿದ್ದ ಮಾತ್ರಕ್ಕೆ ಆಲ್ಬಮ್ ಉಳಿಯಲ್ಲ. ಟಿವಿ ನಟ ಬ್ರಯಾನ್ ಆಸ್ಟಿನ್ ಗ್ರೀನ್ 1996ರಲ್ಲಿ ತಂದ ಆಲ್ಬಮ್ ಹಿಂದೆ ಫಾರ್ಸೈಡ್ ಅನ್ನೋ ರ‍್ಯಾಪ್ ತಂಡದ ಸ್ಲಿಮ್‌ಕಿಡ್ ಇದ್ದರು, ಆದ್ರೂ ಅದು ಅವರ ಏಕೈಕ ಆಲ್ಬಮ್ ಆಗಿಯೇ ಉಳೀತು.

ತಾಳಬದ್ಧ

ಬರವಣಿಗೆ ಕಡೆಯಿಂದ ಸ್ವಲ್ಪ. ನಾಲ್ಕನೇ ಪೆಟ್ಟು ಅವರು ಕೊಟ್ಟ ಸಾಲನ್ನೇ ಮುಂದುವರಿಸ್ತೀನಿ, ತಪ್ಪು ತಿಳಿಯಬೇಡಿ.

ಗೋಡೆಯ ಮೇಲಿನ ನೆರಳಿಗೆ ಹೆಸರಿದೆ
ಕೇಳಲು ಬಂದರೆ ಬಾಗಿಲು ಮುಚ್ಚಿದೆ

ಮಾತ್ರೆ ಸರಿಯಾಗಿದೆ, 16 ಮತ್ತು 16. ಓದಿದರೆ ಪ್ರಾಸ ಇದೆ ಅನ್ನಿಸುತ್ತೆ. ಬೀಟ್ ಮೇಲೆ ಹೇಳಿದರೆ ಸಪ್ಪೆ. ಯಾಕಂದ್ರೆ ಕೂಡೋದು ಬರೀ "ಇದೆ". ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರೋದ್ರಿಂದ ಹೊಸಬರೆಲ್ಲ ಪ್ರತ್ಯಯವನ್ನೇ ಪ್ರಾಸ ಅಂದ್ಕೊಂಡು ಬಿಡ್ತಾರೆ. ಬಂದೆನು, ತಿಂದೆನು, ನಿಂತೆನು ಅಂತ ಇಡೀ ವರ್ಸ್ ಬರೀಬಹುದು, ಯಾರ ಕಿವಿಯೂ ನೆಟ್ಟಗಾಗಲ್ಲ. ಸಂಭಾಷಣೆ ಬರೆದು ಅಭ್ಯಾಸ ಇರುವವರಲ್ಲಿ ಇದು ಇನ್ನೂ ಹೆಚ್ಚು, ಅವರ ವಾಕ್ಯಗಳು ಪೂರ್ತಿ ಮುಗಿದೇ ಮುಗಿಯುತ್ತವೆ. ಎರಡನೇ ಸಾಲನ್ನ ಹೀಗೆ ಬದಲಾಯಿಸಿ:

ತೊಳೆಯಲು ಹೋದರೆ ಕೈಯಲಿ ಕೆಸರಿದೆ

ಈಗ "ಹೆಸರಿದೆ", "ಕೆಸರಿದೆ" ನಾಲ್ಕು ಅಕ್ಷರ ಪೂರ್ತಿ ಕೂಡುತ್ತೆ, ಅದೂ ಸ್ನೇರ್ ಮೇಲೇ ಶುರುವಾಗುತ್ತೆ. ಪ್ರತ್ಯಯಕ್ಕಿಂತ ಹಿಂದಿನ ಧಾತುವಿನಲ್ಲಿ, ನಾಮಪದದಲ್ಲಿ ಪ್ರಾಸ ಹುಡುಕಬೇಕು. ಇನ್ನೊಂದು ದಾರಿ, ಕ್ರಿಯಾಪದವನ್ನ ಸಾಲಿನ ಮಧ್ಯಕ್ಕೆ ಎಳೆದು ನಾಮಪದದಲ್ಲಿ ಮುಗಿಸೋದು. ಮಾತಿನಲ್ಲಿ ನಾವು ಹಾಗೆ ಮಾಡ್ತಾನೇ ಇರ್ತೀವಿ, ಹಾಗಾಗಿ ಕೃತಕ ಅನ್ನಿಸಲ್ಲ. ನಮ್ಮ ಆದಿಪ್ರಾಸವೂ ಇಲ್ಲಿ ಕೆಲಸಕ್ಕೆ ಬರುತ್ತೆ. ಪ್ರತಿ ಪೆಟ್ಟಿನ ಪದದ ಎರಡನೇ ಅಕ್ಷರ ಒಂದೇ ಇದ್ದರೆ ("ಕಣ್ಣಲಿ ಮಣ್ಣಿದೆ") ಅದು ಸಾಲಿನ ಒಳಗಿನ ಪ್ರಾಸ ಆಗುತ್ತೆ. ಅದನ್ನ ವರ್ಸ್ ಪೂರ್ತಿ ಎಳೀಬೇಡಿ, ಎರಡು ಬಾರ್ ಆದ ಮೇಲೆ ಬದಲಿಸಿ.

ಈಗ ಉಸಿರು. ಎರಡೂ ಸಾಲು ಪೂರ್ತಿ ತುಂಬಿದೆ, ಖಾಲಿ ಮನೆ ಒಂದೂ ಇಲ್ಲ. ಇಂಥದ್ದೇ ನಾಲ್ಕು ಬಾರ್ ಬರೆದರೆ ಸುಮಾರು ಹನ್ನೊಂದು ಸೆಕೆಂಡ್ ಉಸಿರೇ ಇಲ್ಲ. ನಟರ ಉಸಿರು ಉದ್ದ ಇರುತ್ತೆ, ಹನ್ನೊಂದು ಸೆಕೆಂಡ್ ತಡೀತಾರೆ, ಸಮಸ್ಯೆ ಅದಲ್ಲ. ಆಮೇಲೆ ಗಬಕ್ಕನೆ ಒಳಗೆ ಎಳೆದುಕೊಳ್ಳೋದರಲ್ಲಿ ಮುಂದಿನ ಸಾಲಿನ ಮೊದಲ ಅಕ್ಷರ ನುಂಗಿಹೋಗುತ್ತೆ. ಹಾಗಾಗಿ:

( — ) | ತೊಳೆದರೆ | ಕೈಯಲಿ | ಕೆಸರಿದೆ

ಮೊದಲ ಪೆಟ್ಟು ಖಾಲಿ. 0.67 ಸೆಕೆಂಡ್ ಸಿಕ್ತು, ಅರ್ಥ ಹೋಗಲಿಲ್ಲ, ಹಿಂದಿನ ಸಾಲಿನ "ಹೆಸರಿದೆ" ಗಾಳಿಯಲ್ಲಿ ನಿಲ್ಲೋಕೆ ಜಾಗವೂ ಆಯ್ತು. ನಟರಿಗೆ ಬೇಕಾದ ನಾಟಕೀಯ ವಿರಾಮ ಇದೇ. ಎರಡು ಬಾರ್‌ಗೆ ಒಂದು ಸಲವಾದ್ರೂ ಎರಡು ಮನೆ ಖಾಲಿ ಇಡಿ, ಹಾಳೆಯಲ್ಲಿ ಅಲ್ಲಿ ಅಲ್ಪವಿರಾಮ ಗುರುತು ಹಾಕಿ, ಪ್ರತಿ ಅಭ್ಯಾಸದಲ್ಲೂ ಅಲ್ಲೇ ಉಸಿರು ತಗೊಳ್ಳಿ. ಬೇರೆಲ್ಲೂ ಬೇಡ.

ಇನ್ನು ವಸ್ತು. ಸೈಫರ್‌ಸಾಲು ಅವರು ಹೇಳಿದ ಅನುಮಾನಕ್ಕೆ ಉತ್ತರ ಇರೋದು ಇಲ್ಲೇ. ನಟರು ಮಾಡುವ ಅತಿ ಕೆಟ್ಟ ತಪ್ಪು ರ‍್ಯಾಪರ್ ಪಾತ್ರವನ್ನ ಅಭಿನಯಿಸೋದು. ಬೇರೆಯವರ ಓಣಿ, ಬೇರೆಯವರ ಬಡತನ, ಬೇರೆಯವರ ಉಚ್ಚಾರ. ರಿಜ್ ಅಹ್ಮದ್ ತಮ್ಮ ಪಾಡಿಗೆ ತಾವು ಬ್ರಿಟನ್‌ನಲ್ಲಿ ಪಾಕಿಸ್ತಾನಿ ಮೂಲದವರಾಗಿ ಬದುಕೋದು ಏನು ಅಂತ ಬರೆದ್ರು. ಆ ವಿಷಯಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ವಿಷಯದ ಅವರ 2020ರ ಆಲ್ಬಮ್ ಜೊತೆಗೇ ಬಂದ ಕಿರುಚಿತ್ರಕ್ಕೆ 2022ರಲ್ಲಿ ಆಸ್ಕರ್ ಬಂತು, ನಟನೆಯೂ ರ‍್ಯಾಪೂ ಒಂದೇ ಕೆಲಸದಲ್ಲಿ ಸೇರಿದ್ದಕ್ಕೆ ಅದಕ್ಕಿಂತ ಒಳ್ಳೆ ನಿದರ್ಶನ ನನಗೆ ಗೊತ್ತಿಲ್ಲ.

ಪಾತ್ರವನ್ನೇ ಹೇಳಬೇಕು ಅಂದ್ರೆ ಪಾತ್ರ ಅಂತ ಗೊತ್ತಾಗುವ ಹಾಗೆ ಹೇಳಿ. ಒಂದೇ ವರ್ಸ್‌ನಲ್ಲಿ ಇಬ್ಬರ ಮಾತು, ಧ್ವನಿ ಬದಲಿಸಿ, ಎಡಕ್ಕೊಬ್ಬರು ಬಲಕ್ಕೊಬ್ಬರು. ಇದು ನಟರಿಗೆ ಮಾತ್ರ ಸಲೀಸಾಗಿ ಬರುವ ವಿದ್ಯೆ. ಹುಟ್ಟಾ ರ‍್ಯಾಪರ್‌ಗಳೂ ಇದರಲ್ಲಿ ತಿಣುಕ್ತಾರೆ. ತಮ್ಮ ಕೈಯಲ್ಲಿರುವ ಈ ಬಲವನ್ನ ಬಿಟ್ಟು ನಟರು ವೇಗದ ಹಿಂದೆ ಓಡೋದು ನೋಡಿದರೆ ಬೇಜಾರಾಗುತ್ತೆ.

ಕಡತಕಾವಲು

ಕಾಗದಪತ್ರದ ವಿಷಯ ಯಾರೂ ಎತ್ತಲಿಲ್ಲ, ನಟರಿಗೆ ಅದು ಎಲ್ಲರಿಗಿಂತ ಹೆಚ್ಚು ಮುಖ್ಯ.

ಮೊದಲು ಈಗಾಗಲೇ ಸಹಿ ಮಾಡಿರುವ ಒಪ್ಪಂದ ತೆಗೆದು ನೋಡಿ. ಧಾರಾವಾಹಿ, ಸಿನಿಮಾ, ಜಾಹೀರಾತು ಒಪ್ಪಂದಗಳಲ್ಲಿ ನಟರ ಹೆಸರು, ಮುಖ, ಧ್ವನಿ ಬಳಸುವ ಹಕ್ಕಿಗೆ ಮಿತಿ ಇರಬಹುದು. ಜಾಹೀರಾತಿನಲ್ಲಿ ನಡತೆಯ ಷರತ್ತು ಇರುತ್ತೆ, ಹಾಡಿನಲ್ಲಿ ಒಂದು ಬೈಗುಳ ಬಂದರೂ ಅದನ್ನ ತೋರಿಸಿ ಒಪ್ಪಂದ ಮುರಿಯಬಹುದು. ಬೇರೆ ಹೆಸರಲ್ಲಿ ಹಾಡು ಬಿಟ್ಟರೂ ಧ್ವನಿ ನಿಮ್ಮದೇ, ಷರತ್ತು ಅನ್ವಯ ಆಗುತ್ತೆ. ರೆಕಾರ್ಡ್ ಮಾಡುವ ಮೊದಲೇ ಲಿಖಿತ ಅನುಮತಿ ತಗೊಳ್ಳಿ.

ಬೀಟ್. ಆನ್‌ಲೈನ್‌ನಲ್ಲಿ ಸಿಗುವ ಕಡಿಮೆ ದರದ ಬೀಟ್‌ಗಳು ಬಹುತೇಕ ಲೀಸ್, ಅಂದ್ರೆ ಬಾಡಿಗೆ. ಅದೇ ಬೀಟ್ ಇನ್ನೂ ಎಷ್ಟೋ ಜನರ ಹತ್ತಿರ ಇರುತ್ತೆ. ಎಷ್ಟು ಸಲ ಸ್ಟ್ರೀಮ್ ಆಗಬಹುದು, ವಿಡಿಯೊಗೆ ಬಳಸಬಹುದಾ ಅನ್ನೋದಕ್ಕೆ ಮಿತಿ ಇರುತ್ತೆ. ಹೆಸರಿಲ್ಲದವರಿಗೆ ಆ ಮಿತಿ ದಾಟೋಕೆ ವರ್ಷ ಬೇಕು, ಹೆಸರಿರುವ ನಟ ಒಂದೇ ವಾರದಲ್ಲಿ ದಾಟ್ತಾರೆ. ಆಗ ಮಾತುಕತೆಗೆ ಕೂತರೆ ಬೀಟ್ ಮಾಡಿದವರ ಕೈ ಮೇಲಿರುತ್ತೆ. ಹಾಡು ಹೊರಗೆ ಬರುವ ಮೊದಲೇ ಎಕ್ಸ್‌ಕ್ಲೂಸಿವ್ (ನಿಮಗೊಬ್ಬರಿಗೇ) ಮಾಡಿಕೊಂಡು, ಸ್ಟೆಮ್ ಫೈಲ್‌ಗಳನ್ನೂ (ವಾದ್ಯಗಳ ಬೇರೆ ಬೇರೆ ಟ್ರ್ಯಾಕ್) ಪಡೆಯಿರಿ. ಮಿಕ್ಸ್‌ಗೂ ವೇದಿಕೆಗೂ ಅವು ಬೇಕೇ ಬೇಕು.

ಸ್ಯಾಂಪಲ್ (ಬೇರೆ ಹಾಡಿನಿಂದ ತೆಗೆದ ತುಣುಕು) ಇದ್ದರೆ ಎರಡು ಅನುಮತಿ, ಮೂಲ ಧ್ವನಿಮುದ್ರಣ ಯಾರದ್ದೋ ಅವರದ್ದು ಒಂದು, ಮೂಲ ಹಾಡನ್ನ ರಚಿಸಿದವರದ್ದು ಇನ್ನೊಂದು. ನಾಲ್ಕು ಸೆಕೆಂಡ್ ಆದ್ರೆ ಪರವಾಗಿಲ್ಲ ಅನ್ನೋದು ಬರೀ ಬಾಯಿಮಾತು, ಅದನ್ನ ನೆಚ್ಚಿಕೊಂಡು ಹಾಡು ಬಿಡಬೇಡಿ.

ಕೊನೆಗೆ ಪಾಲುಪಟ್ಟಿ. ಯಾರು ಸಾಹಿತ್ಯ, ಯಾರು ಬೀಟ್, ಯಾರಿಗೆ ಶೇಕಡಾ ಎಷ್ಟು, ಒಟ್ಟು 100 ಆಗಬೇಕು. ರೆಕಾರ್ಡಿಂಗ್ ಮುಗಿದ ದಿನವೇ ಸಹಿ. ಹಾಡು ಗೆದ್ದ ಮೇಲೆ ಈ ಪಟ್ಟಿ ಬರೆಯೋಕೆ ಹೋದರೆ ಸ್ನೇಹ ಉಳಿಯಲ್ಲ.

ರಂಗಸಜ್ಜಿಕೆ

ಹಾಗಾದ್ರೆ ಬೇರೆಯವರ ಕೈಲಿ ಬರೆಸಬಹುದಾ? ಸಿನಿಮಾದಲ್ಲಿ ಸಂಭಾಷಣೆ ಬೇರೆಯವರೇ ಬರೀತಾರೆ, ನಟರಿಗೆ ಅದು ಸಹಜ.

ಕಡತಕಾವಲು

ಕಾನೂನಿನ ದೃಷ್ಟಿಯಲ್ಲಿ ತೊಂದರೆ ಇಲ್ಲ. ಹೆಸರು ಹಾಕಿ, ಪಾಲು ಕೊಡಿ.

ಸೈಫರ್‌ಸಾಲು

ಸಂಸ್ಕೃತಿಯ ದೃಷ್ಟಿಯಲ್ಲಿ ತೊಂದರೆ ಇದೆ. 2015ರ ಜುಲೈನಲ್ಲಿ ಮೀಕ್ ಮಿಲ್ ಅನ್ನೋ ರ‍್ಯಾಪರ್, ಡ್ರೇಕ್ ಅವರು ತಮ್ಮ ರ‍್ಯಾಪ್ ತಾವೇ ಬರೆಯಲ್ಲ ಅಂತ ಬಹಿರಂಗವಾಗಿ ಆರೋಪ ಮಾಡಿದ್ರು. ಅಷ್ಟೊತ್ತಿಗೆ ಡ್ರೇಕ್ ಎಷ್ಟು ಎತ್ತರದಲ್ಲಿದ್ರು ಯೋಚನೆ ಮಾಡಿ, ಆದ್ರೂ ಅವರು ಕೆಲವೇ ದಿನಗಳಲ್ಲಿ ಎರಡು ಉತ್ತರದ ಹಾಡು ಬಿಡಬೇಕಾಯ್ತು. ಆ ಆರೋಪ ಹೊಸಬ ನಟನ ಮೇಲೆ ಬಂದರೆ ಉತ್ತರ ಕೊಡೋಕೆ ಕೈಯಲ್ಲಿ ಏನೂ ಇರಲ್ಲ.

ಸಿನಿಮಾದೊಳಗಿನ ಪಾತ್ರಕ್ಕಾದ್ರೆ ಲೆಕ್ಕ ಬೇರೆ. ರಣವೀರ್ ಸಿಂಗ್ 2019ರ "ಗಲ್ಲಿ ಬಾಯ್"ನಲ್ಲಿ ತಾವೇ ರ‍್ಯಾಪ್ ಹೇಳಿದ್ರು, ಸಾಹಿತ್ಯದಲ್ಲಿ ಡಿವೈನ್ ಥರದ ಮುಂಬೈ ರ‍್ಯಾಪರ್‌ಗಳ ಕೈ ಇತ್ತು, ಅವರ ಹೆಸರು ಮುಚ್ಚಿಡಲಿಲ್ಲ. ಅದೇ ವರ್ಷ ಇನ್ಕ್‌ಇಂಕ್ ಅನ್ನೋ ಲೇಬಲ್ ಶುರುಮಾಡಿ, ಕಾಮ್ ಭಾರಿ, ಸ್ಪಿಟ್‌ಫೈರ್, ಸ್ಲೋ ಚೀತಾ ಅವರನ್ನ ಮುಂದೆ ತಂದ್ರು. ಒಂದು ಸಿನಿಮಾ ಗೆದ್ದ ಬಿಸಿಯಲ್ಲಿ ತಮ್ಮದೇ ಆಲ್ಬಮ್ ಬಿಡದೆ ಹೀಗೆ ಮಾಡಿದ್ದು ನನಗೆ ತುಂಬಾ ಗೌರವದ ಕೆಲಸ ಅನ್ನಿಸುತ್ತೆ.

ಸ್ವಂತ ಹೆಸರಿನ ಹಾಡಿಗೆ ಮಾತ್ರ ವರ್ಸ್ ನೀವೇ ಬರೀರಿ. ಸಹಾಯ ಬೇಕಿದ್ದರೆ ಹುಕ್‌ಗೆ (ಮತ್ತೆ ಮತ್ತೆ ಬರುವ ಪಲ್ಲವಿ) ತಗೊಳ್ಳಿ, ಪ್ರಾಸ ಬಿಗಿ ಮಾಡೋಕೆ ತಗೊಳ್ಳಿ, ಹೆಸರು ಹಾಕಿ. ಸೈಫರ್‌ನಲ್ಲಿ (ರ‍್ಯಾಪರ್‌ಗಳು ಸುತ್ತ ನಿಂತು ಸರದಿಯಲ್ಲಿ ಹೇಳುವ ಕೂಟ) ನಿಂತಾಗ ಬರೆದವರು ಯಾರು ಅಂತ ಎರಡು ಬಾರ್‌ನಲ್ಲಿ ಗೊತ್ತಾಗಿಬಿಡುತ್ತೆ. ಕಂಠಪಾಠ ಮಾಡಿದವರ ಕಣ್ಣು ಮೇಲಕ್ಕೆ ಹೋಗುತ್ತೆ, ಬೀಟ್ ಬದಲಾದರೆ ಸಾಲು ಕುಸಿಯುತ್ತೆ.

ತಾಳಬದ್ಧ

ಸೈಫರ್ ಅಭ್ಯಾಸಕ್ಕೆ ಒಂದು ಉಪಾಯ. ಒಂದೇ ವರ್ಸನ್ನ 80, 90, 100 ಬಿಪಿಎಂನ ಮೂರು ಬೇರೆ ಬೇರೆ ಬೀಟ್ ಮೇಲೆ, ಆಮೇಲೆ 140ರ ಟ್ರ್ಯಾಪ್ ಬೀಟ್‌ನ ಅರ್ಧ ವೇಗದಲ್ಲಿ, ಅಂದ್ರೆ 70ರ ಲೆಕ್ಕದಲ್ಲಿ ಹೇಳಿ. ನಾಲ್ಕಕ್ಕೂ ಕೂತರೆ ಅದು ನಿಮ್ಮದಾಗಿದೆ. ನಟರು ಒಂದು ಬೀಟ್‌ಗೆ ಅಂಟಿಕೊಂಡು ಕಲೀತಾರೆ, ದೃಶ್ಯದ ಜಾಗ ಗುರುತಿಟ್ಟುಕೊಂಡ ಹಾಗೆ.

ರಂಗಸಜ್ಜಿಕೆ

ಕೊನೆಯ ಪ್ರಶ್ನೆ, ವೇದಿಕೆ. ಅದು ನಟರ ಸ್ವಂತ ಜಾಗ ಅಲ್ವಾ? ಅಲ್ಲೂ ತಪ್ಪುತ್ತಾ?

ಮಂದ್ರ48

ಅಲ್ಲೇ ಜಾಸ್ತಿ. ರಂಗಭೂಮಿಯಲ್ಲಿ ಕೈ ಖಾಲಿ, ಕ್ಯಾಮೆರಾ ಮುಂದೆ ಕಾಲರ್ ಮೈಕ್. ಇಲ್ಲಿ ಒಂದು ಕೈ ಪೂರ್ತಿ ಮೈಕ್‌ಗೆ ಹೋಯ್ತು. ಅಭಿನಯಕ್ಕೆ ಕೈ ಬೀಸಿದ ಕೂಡಲೇ ಮೈಕ್ ಬಾಯಿಂದ ದೂರ ಹೋಗುತ್ತೆ, ಧ್ವನಿ ಮಾಯ. ಡೈನಮಿಕ್ ಮೈಕ್ ಬಾಯಿಂದ 3-5 ಸೆಂಟಿಮೀಟರ್ ದೂರದಲ್ಲಿ, ತಲೆ ತಿರುಗಿದ ಕಡೆಗೇ ತಿರುಗಬೇಕು. ಮೊಣಕೈಯನ್ನ ಪಕ್ಕೆಗೆ ತಾಗಿಸಿ ಅಭ್ಯಾಸ ಮಾಡಿ, ಅಭಿನಯ ಇನ್ನೊಂದು ಕೈಗೆ ಬಿಡಿ.

ಮೈಕ್‌ನ ಜಾಲರಿಯನ್ನ ಅಂಗೈಯಲ್ಲಿ ಮುಚ್ಚಿ ಹಿಡಿಯೋದು ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತೆ. ನಿಜದಲ್ಲಿ ಹಾಗೆ ಹಿಡಿದರೆ ಕಾರ್ಡಿಯಾಯ್ಡ್ ಮೈಕ್ ಹಿಂಬದಿ ಧ್ವನಿಯನ್ನ ತಡೆಯುವ ಗುಣ ಕಳೆದುಕೊಳ್ಳುತ್ತೆ, ಮುಂದಿರುವ ಮಾನಿಟರ್ ಸ್ಪೀಕರ್‌ನಿಂದ ಕೀಚಲು ಶುರು, ಪದಗಳು ಮೂಗಿನಿಂದ ಬಂದ ಹಾಗೆ. ಹಿಡಿಕೆಯ ಮಧ್ಯಕ್ಕೆ ಹಿಡೀರಿ.

ಬೀಟ್ ಜೊತೆ ಪೂರ್ತಿ ವರ್ಸ್ ಇರುವ ಟ್ರ್ಯಾಕ್ ಹಾಕಿಸಿ ಮೇಲಿಂದ ಹೇಳಬೇಡಿ. ಬಾಯಾಡಿಸ್ತಿದ್ದಾರೆ ಅನ್ನೋ ಮಾತು ನಟರಿಗೆ ಮಿಕ್ಕವರಿಗಿಂತ ಬೇಗ ಅಂಟುತ್ತೆ. ಬೀಟ್, ಹುಕ್, ಆ್ಯಡ್-ಲಿಬ್ (ನಡುವೆ ಹಾಕುವ ಸಣ್ಣ ಉದ್ಗಾರ), ಸಾಲಿನ ಕೊನೆಯ ಡಬಲ್ ಇಷ್ಟು ಮಾತ್ರ ಇಟ್ಟು ಮುಖ್ಯ ಧ್ವನಿ ತೆಗೆದ ಬೇರೆ ಪರ್ಫಾರ್ಮೆನ್ಸ್ ಟ್ರ್ಯಾಕ್ ಮಾಡಿಸಿ. ಪ್ರತಿ ಹಾಡಿನ ಶುರುವಿಗೆ ಒಂದು ಬಾರ್ ಕ್ಲಿಕ್ ಡಿಜೆ ಕಿವಿಗೆ ಮಾತ್ರ. ಜೊತೆಗೆ ಒಬ್ಬ ಹೈಪ್‌ಮ್ಯಾನ್ (ವೇದಿಕೆಯಲ್ಲಿ ದನಿಗೂಡಿಸುವ ಜೊತೆಗಾರ) ಇರಲಿ. ನೀವು ಉಸಿರು ಗುರುತು ಹಾಕಿದ ಜಾಗಗಳಲ್ಲಿ ಪ್ರಾಸದ ಪದ ಅವರು ಹಿಡೀಬೇಕು, ಬೇರೆ ಕಡೆ ಬಾಯಿ ಹಾಕಬಾರದು.

ತಯಾರಿಗೆ, ಇಡೀ ಸೆಟ್ಟನ್ನ ಓಡುವ ನಡಿಗೆಯಲ್ಲಿ ಹೇಳಿ ನೋಡಿ. ನಿಂತು ಹೇಳುವಾಗ ಸಲೀಸಾಗಿದ್ದ ವರ್ಸ್ ಎರಡನೇ ಹಾಡಿನ ಹೊತ್ತಿಗೆ ಎಲ್ಲಿ ಕೈಕೊಡುತ್ತೆ ಅಂತ ಗೊತ್ತಾಗುತ್ತೆ. ಆ ಬಾರ್‌ನಲ್ಲಿ ಎರಡು ಮನೆ ಖಾಲಿ ಮಾಡಿ, ಸಾಲನ್ನ ತಿದ್ದಿ ಬರೀರಿ. ಮೊದಲ ಸೆಟ್ 15-20 ನಿಮಿಷಕ್ಕಿಂತ ಉದ್ದ ಬೇಡ.

ಸೈಫರ್‌ಸಾಲು

ಅದಕ್ಕೂ ಮೊದಲು ಒಂದು ಅತಿಥಿ ವರ್ಸ್ ಒಳ್ಳೇದು. 2019ರಲ್ಲಿ ನಟ ಇದ್ರಿಸ್ ಎಲ್ಬಾ ಹೀಗೇ ರ‍್ಯಾಪರ್ ವೈಲಿ ಅವರ ಹಾಡಿನಲ್ಲಿ, ಶಾನ್ ಪಾಲ್ ಮತ್ತು ಸ್ಟೆಫ್ಲಾನ್ ಡಾನ್ ಜೊತೆ ಬಂದ್ರು. ಎಂಟು ಅಥವಾ ಹನ್ನೆರಡು ಬಾರ್, ಹಾಡಿನ ಭಾರ ಬೇರೆಯವರ ಮೇಲೆ. ಆಹ್ವಾನ ಬಂದರೆ ಮಧ್ಯದ ವರ್ಸ್ ಕೇಳಿ ತಗೊಳ್ಳಿ. ಮೊದಲನೆಯದು ಹಾಡಿನ ದಿಕ್ಕು ಹಿಡಿಯಬೇಕು, ಕೊನೆಯದನ್ನ ಮಿಕ್ಕವರ ಪಕ್ಕದಲ್ಲಿಟ್ಟು ಅಳೀತಾರೆ. ಬೀಟ್ ಕೈಗೆ ಸಿಕ್ಕ ದಿನವೇ ಬಿಪಿಎಂ ಕೇಳಿ ಬರೆದಿಟ್ಟುಕೊಳ್ಳಿ, ಉಳಿದವರ ವರ್ಸ್ ಬಂದ ಮೇಲೆ ಅವರು ಬಳಸಿದ ಪ್ರಾಸ ನಿಮ್ಮಲ್ಲಿದ್ದರೆ ಬದಲಿಸಿ.